ಬೆಳಕಿನಿಂದ ಕ್ಯಾನ್ಸರಿಗೆ ಮದ್ದು, ಆದರೆ ತಡಮಾಡಬೇಡಿ

ಬೆಳಕಿನಿಂದ ಕ್ಯಾನ್ಸರ್ ಕೋಶಗಳನ್ನು ನಾಶಮಾಡಬಹುದೇ? ಹೌದು. ಇದಕ್ಕೆ ಫೋಟೊಡೈನಮಿಕ್ ಚಿಕಿತ್ಸೆ ಎನ್ನುತ್ತಾರೆ. ಅಮೆರಿಕದಲ್ಲಿ 1995ರಲ್ಲೇ ಅನ್ನನಾಳದ ಕ್ಯಾನ್ಸರಿಗೆ ಫೋಟೊಫ್ರಿನ್ ಎಂಬ ಔಷಧಕ್ಕೆ ಅನುಮತಿ ಸಿಕ್ಕಿತು. ಔಷಧವನ್ನು ರಕ್ತನಾಳಕ್ಕೆ ಚುಚ್ಚಿ, ಸುಮಾರು ಎರಡು ದಿನಗಳ ಬಳಿಕ ಗಡ್ಡೆಯ ಮೇಲೆ ಕೆಂಪು ಲೇಸರ್ ಬೆಳಕು ಬಿಡುತ್ತಾರೆ. ಆಗ ಅಲ್ಲಿರುವ ಆಮ್ಲಜನಕ ಉಗ್ರರೂಪ ತಾಳಿ ಕೋಶಗಳನ್ನು ಕೊಲ್ಲುತ್ತದೆ.

ತೊಡಕೂ ಇದೆ. ಔಷಧ ಚರ್ಮದಲ್ಲೂ ಉಳಿಯುವುದರಿಂದ ರೋಗಿಯು ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಘಾಟಬೋರಾಳದ ಹೊಲಗಳಲ್ಲಿ ದುಡಿಯುವವರಿಗೆ ಇದೆಷ್ಟು ಕಷ್ಟವೆಂದು ನೀವೇ ಯೋಚಿಸಿ. ಅದಕ್ಕೇ ವಿಜ್ಞಾನಿಗಳು ಇಂಥ ಔಷಧಗಳನ್ನು ಸರಪಣಿಯಂತಹ ಪಾಲಿಮರ್ ಅಣುಗಳಿಗೆ ಜೋಡಿಸುತ್ತಿದ್ದಾರೆ. ಗಡ್ಡೆಯ ರಕ್ತನಾಳಗಳು ಸೋರುತ್ತವೆ. ಈ ದೊಡ್ಡ ಅಣುಗಳು ಅಲ್ಲಿಯೇ ಹೆಚ್ಚು ಸೇರಲಿ, ಚರ್ಮದಲ್ಲಿ ಕಡಿಮೆ ಉಳಿಯಲಿ ಎಂಬುದು ಉದ್ದೇಶ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿಯವರ ತಂಡವೂ ಬೆಳಕಿಗೆ ಸ್ಪಂದಿಸುವ ಲೋಹಯುಕ್ತ ಸಂಯುಕ್ತಗಳ ಮೇಲೆ ಸಂಶೋಧನೆ ನಡೆಸಿದೆ.

ಆದರೆ ಕೆಂಪು ಬೆಳಕು ದೇಹದೊಳಗೆ ಇಳಿಯುವುದು ಹೆಚ್ಚೆಂದರೆ ಸುಮಾರು 1 ಸೆಂಟಿಮೀಟರ್. ಆಳಕ್ಕಿಳಿದು ಹರಡಿದ ಕ್ಯಾನ್ಸರನ್ನು ಅದು ಮುಟ್ಟಲಾರದು. ಯಾವ ಚಿಕಿತ್ಸೆಯಾದರೂ ರೋಗ ಬೇಗ ಪತ್ತೆಯಾದರೇ ಹೆಚ್ಚು ಫಲ.

ಬಾಯಿಯ ಕ್ಯಾನ್ಸರ್ ಕಣ್ಣಿಗೆ ಕಾಣುವ ಜಾಗದಲ್ಲೇ ಶುರುವಾಗುತ್ತದೆ. ಗುಟ್ಕಾ, ತಂಬಾಕು, ಅಡಿಕೆ ಇಂದೇ ಬಿಡಿ. ಕನ್ನಡಿ ಮುಂದೆ ಬಾಯಿ ತೆರೆದು ನೋಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಹುಮನಾಬಾದಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ.