ಸಮಾಜಸ್ವಾಸ್ಥ್ಯದ ಏಕಾಂಗಿ ಸಂಶೋಧಕ

ಜ್ವರ, ಕೆಮ್ಮು, ಹೊಟ್ಟೆನೋವುಗಳನ್ನು ವೈದ್ಯರ ಮುಂದೆ ನಿಸ್ಸಂಕೋಚವಾಗಿ ಹೇಳಿಕೊಳ್ಳುವ ಮನುಷ್ಯನು, ಕಾಮಜೀವನದ ತೊಂದರೆಯ ಮಾತು ಬಂದೊಡನೆ ಮೌನ ತಾಳುತ್ತಾನೆ. ಆ ಮೌನದಲ್ಲಿ ಅಜ್ಞಾನ ಬೆಳೆಯುತ್ತದೆ. ಅಜ್ಞಾನದಿಂದ ಭೀತಿ ಹುಟ್ಟುತ್ತದೆ. ಭೀತಿಯನ್ನೇ ಬಂಡವಾಳ ಮಾಡಿಕೊಳ್ಳುವವರಿಗೆ ಮಹಾನಗರಗಳಲ್ಲಿ ಕೊರತೆಯಿಲ್ಲ. ಈ ಮೌನವನ್ನು ಮುರಿಯಲು ಮುಂಬಯಿಯಲ್ಲಿ ಮೂರು ದಶಕಗಳ ಕಾಲ ಹೆಣಗಿದವರು ರಘುನಾಥ ಧೋಂಡೋ ಕರ್ವೆ.

ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಹಿರಿಯ ಮಗನಾದ ರಘುನಾಥರು 1882ರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ, 1891ರಲ್ಲಿ, ಹೆರಿಗೆಯ ಸಂದರ್ಭದಲ್ಲಿ ತಾಯಿಯನ್ನು ಕಳೆದುಕೊಂಡರು. ವೃತ್ತಿಯಿಂದ ಅವರು ವೈದ್ಯರಲ್ಲ, ಗಣಿತದ ಪ್ರಾಧ್ಯಾಪಕರು. ಆದರೂ 1921ರಲ್ಲಿ, ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಚಿಕಿತ್ಸಾಲಯವನ್ನು ತೆರೆದ ವರ್ಷವೇ, ಮುಂಬಯಿಯಲ್ಲಿ ಸಂತತಿ ನಿಯಮನ ಕೇಂದ್ರವನ್ನು ಆರಂಭಿಸಿದರು. ಈ ಕಾರ್ಯ ಕಾಲೇಜಿನ ಆಡಳಿತಕ್ಕೆ ರುಚಿಸಲಿಲ್ಲ. 1925ರಲ್ಲಿ ಅವರು ವಿಲ್ಸನ್ ಕಾಲೇಜಿನ ಹುದ್ದೆಯನ್ನು ತೊರೆಯಬೇಕಾಯಿತು. ಪತ್ನಿ ಮಾಲತಿಬಾಯಿಯವರ ದುಡಿಮೆಯೇ ಸಂಸಾರಕ್ಕೆ ಆಧಾರವಾಯಿತು.

1927ರ ಜುಲೈಯಲ್ಲಿ ಅವರು ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕವನ್ನು ಹೊರಡಿಸಿದರು. ಶರೀರಶಾಸ್ತ್ರ, ಮನಶ್ಶಾಸ್ತ್ರ, ವಿವಾಹಪದ್ಧತಿ, ಕಾನೂನು, ನೀತಿವಿಚಾರ ಇವೆಲ್ಲವೂ ಅಲ್ಲಿ ಒಂದೆಡೆ ಸೇರಿದುವು. ಕಾಮವು ಕೇವಲ ದೇಹದ ವಿಷಯವೂ ಅಲ್ಲ, ಕೇವಲ ಧರ್ಮದ ವಿಷಯವೂ ಅಲ್ಲ ಎಂಬುದು ಅವರ ನಿಲುವಾಗಿದ್ದಿತು. ಗರ್ಭ ಧರಿಸುವುದೂ ಬಿಡುವುದೂ ಹೆಣ್ಣಿನ ಇಚ್ಛೆಗೆ ಸೇರಿದ್ದೆಂದು ಅವರು ಆ ಕಾಲದಲ್ಲಿಯೇ ಸಾರಿದರು.

ಪತ್ರಿಕೆಗೆ ಬರುತ್ತಿದ್ದ ಓದುಗರ ಪತ್ರಗಳು ಇಂದಿನ ಸಂಶೋಧಕರಿಗೂ ಅಮೂಲ್ಯ ಸಾಮಗ್ರಿ. ಹಸ್ತಮೈಥುನದಿಂದ ಶಕ್ತಿ ಕುಂದುವುದೇ ಎಂಬ ಆತಂಕ ತರುಣರನ್ನು ಬಹುವಾಗಿ ಕಾಡುತ್ತಿದ್ದಿತು. ಅದರಿಂದ ಹಾನಿಯಿಲ್ಲವೆಂದು ಕರ್ವೆಯವರು ನೇರವಾಗಿ ಉತ್ತರಿಸುತ್ತಿದ್ದರು. ಇಂತಹ ಪ್ರಶ್ನೋತ್ತರಗಳೇ ಅಶ್ಲೀಲವೆಂಬ ಆರೋಪಕ್ಕೆ ಗುರಿಯಾದುವು. 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರರು. ತೀರ್ಪು ಕರ್ವೆಯವರಿಗೆ ವಿರುದ್ಧವಾಯಿತು. ದಂಡ ತೆತ್ತರೂ ಪತ್ರಿಕೆಯನ್ನು ನಿಲ್ಲಿಸಲಿಲ್ಲ. 1953ರ ಅಕ್ಟೋಬರಿನಲ್ಲಿ ನಿಧನರಾಗುವವರೆಗೂ ಅದನ್ನು ನಡೆಸಿದರು. ಸುಪ್ರಜನನವಾದದಂತಹ, ಇಂದು ಒಪ್ಪಲಾಗದ ವಿಚಾರಗಳೂ ಅವರಲ್ಲಿ ಇದ್ದುವು. ಆದರೆ ನೊಂದವನ ಪ್ರಶ್ನೆಗೆ ಉತ್ತರಿಸಲು ಅವರು ಹಿಂಜರಿಯಲಿಲ್ಲ.

ಕನ್ನಡ ನಾಡೂ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತತಿ ನಿಯಮನ ಕೇಂದ್ರಗಳನ್ನು ತೆರೆಯಲು ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಆಜ್ಞೆ ಹೊರಡಿಸಿದ್ದಿತು.

ಕರ್ವೆಯವರಿಗೆ ಪತ್ರ ಬರೆದವರ ಆತಂಕಕ್ಕೆ ಮುಂದೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರು ದೊರೆಯಿತು. ಧಾತು ನಷ್ಟವಾಗುತ್ತಿದೆಯೆಂಬ ಭೀತಿಯಿಂದ ನಿಶ್ಶಕ್ತಿ, ನಿದ್ರಾಹೀನತೆ, ಖಿನ್ನತೆಗಳಿಗೆ ಒಳಗಾಗುವ ಸ್ಥಿತಿಯನ್ನು ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಕರೆದರು. ಒಂದು ತೊಟ್ಟು ವೀರ್ಯಕ್ಕೆ ಹಲವು ತೊಟ್ಟು ರಕ್ತ ಬೇಕೆಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. ವೃಷಣಗಳೂ ಇತರ ಗ್ರಂಥಿಗಳೂ ಅದನ್ನು ಸತತವಾಗಿ ಉತ್ಪಾದಿಸುತ್ತವೆ. ಸ್ವಪ್ನಸ್ಖಲನ ಸಹಜ ಕ್ರಿಯೆ. ಇಲ್ಲಿ ನರಳಿಕೆ ಸತ್ಯ. ಆದರೆ ಅದರ ಮೂಲ ವೀರ್ಯನಷ್ಟವಲ್ಲ, ಸಂಸ್ಕೃತಿಯಿಂದ ಬಂದ ಭಯ.

ಊರು ಬಿಟ್ಟು ಬಂದು, ನಾಲ್ಕಾರು ಜನರೊಡನೆ ಒಂದೇ ಕೋಣೆಯಲ್ಲಿ ವಾಸಿಸುವ ತರುಣನಿಗೆ ಇಂತಹ ಮಾತನ್ನಾಡಲು ಅಣ್ಣನೂ ಇಲ್ಲ, ಭಾವನೂ ಇಲ್ಲ. ರೈಲುಹಳಿಯ ಪಕ್ಕದ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು ಅವನನ್ನು ಕರೆಯುತ್ತದೆ, ತಿಂಗಳ ಸಂಬಳ ಅಲ್ಲಿ ಕರಗಿಹೋಗುತ್ತದೆ. ಮೂತ್ರ ಮಾಡುವಾಗ ಉರಿ, ಜನನಾಂಗದಲ್ಲಿ ಹುಣ್ಣು ಅಥವಾ ಕೀವು ಕಂಡಲ್ಲಿ ಸರ್ಕಾರಿ ಆಸ್ಪತ್ರೆಯ ಚರ್ಮ ಮತ್ತು ಲೈಂಗಿಕರೋಗ ವಿಭಾಗಕ್ಕೆ ಹೋಗಬೇಕು. ಆತಂಕ, ಖಿನ್ನತೆಗಳು ಬಿಡದೆ ಕಾಡಿದಲ್ಲಿ ಮನೋವೈದ್ಯರನ್ನು ಕಾಣಬೇಕು. ಹಿರಿಯರು ಮಕ್ಕಳ ಪ್ರಶ್ನೆಗಳನ್ನು ಗದರಿಸಿ ಅಡಗಿಸದೆ, ವಯಸ್ಸಿಗೆ ತಕ್ಕಂತೆ ಸತ್ಯವನ್ನೇ ತಿಳಿಸಬೇಕು. ವರ್ಷಕ್ಕೊಮ್ಮೆ ಸಂಘಗಳು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಕಣ್ಣಿನ ತಪಾಸಣೆಗಳ ಜೊತೆಗೆ, ಕನ್ನಡ ಬಲ್ಲ ವೈದ್ಯರೊಡನೆ ಏಕಾಂತದಲ್ಲಿ ಮಾತನಾಡುವ ಅವಕಾಶವೂ ದೊರೆಯುವಂತಾದರೆ ಎಷ್ಟೋ ತರುಣರು ನಕಲಿ ವೈದ್ಯರ ಪಾಲಾಗುವುದು ತಪ್ಪುತ್ತದೆ.