ಟೇಬಲ್ ಬಿಟ್ಟು ಮರ ಹತ್ತೋಣ

ಬಿಸಿಎ, ಬಿಇ ಮುಗಿಸಿದವರ ರೆಸ್ಯೂಮೆಯಲ್ಲಿ ಎಸ್‌ಕ್ಯೂಎಲ್ ಇಲ್ಲದಿರುವುದು ಅಪರೂಪ. ಆದರೆ ಕೆಲಸಕ್ಕೆ ಸೇರಿದ ಮೇಲೆ ಎದುರಾಗುವ ಮಾಹಿತಿಯೆಲ್ಲ ಟೇಬಲ್‌ಗಳಲ್ಲೇ ಇರುವುದಿಲ್ಲ. ವರ್ಡ್‌ನ ಡಾಕ್ಸ್ ಕಡತವನ್ನು ಬಿಚ್ಚಿ ನೋಡಿದರೆ ಒಳಗಿರುವುದು ಎಕ್ಸ್‌ಎಂಎಲ್. ಪ್ರಕಾಶನ, ಕಾನೂನು, ಆಸ್ಪತ್ರೆ ದಾಖಲೆಗಳಲ್ಲೂ ಅದರ ಬಳಕೆ ಸಾಕಷ್ಟಿದೆ. ಇಂಥ ಕಡತಗಳನ್ನು ಕೂಡಿಟ್ಟು ಹುಡುಕಲೆಂದೇ ಮಾರ್ಕ್‌ಲಾಜಿಕ್, ಬೇಸ್‌ಎಕ್ಸ್, ಎಕ್ಸಿಸ್ಟ್-ಡಿಬಿಯಂಥ ಡೇಟಾಬೇಸ್‌ಗಳಿವೆ. ಅಲ್ಲಿ ನಡೆಯುವ ಭಾಷೆ ಎಕ್ಸ್‌ಕ್ವೆರಿ.

ಹಾಗಾದರೆ ಕಲಿತ ಎಸ್‌ಕ್ಯೂಎಲ್ ನೀರುಪಾಲಾಯಿತೇ? ಖಂಡಿತ ಇಲ್ಲ. 1970ರ ದಶಕದಲ್ಲಿ ಐಬಿಎಂನಲ್ಲಿ ರೇಮಂಡ್ ಬಾಯ್ಸ್ ಜೊತೆಗೂಡಿ ಎಸ್‌ಕ್ಯೂಎಲ್ ರೂಪಿಸಿದ ಡೊನಾಲ್ಡ್ ಚೇಂಬರ್ಲಿನ್ ಅವರೇ ಎಕ್ಸ್‌ಕ್ವೆರಿ ರೂಪಿಸಿದವರಲ್ಲೂ ಒಬ್ಬರು. 2007ರಲ್ಲಿ ಡಬ್ಲ್ಯು3ಸಿ ಅದನ್ನು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಎರಡೂ ಭಾಷೆಗಳು ಒಂದೇ ಮನೆಯ ಅಕ್ಕತಂಗಿಯರಿದ್ದಂತೆ.

ಬದಲಾಗುವುದು ಏನು?

ಎಸ್‌ಕ್ಯೂಎಲ್‌ನಲ್ಲಿ ವಿದ್ಯಾರ್ಥಿಗೊಂದು, ವಿಷಯಕ್ಕೊಂದು, ಅಂಕಕ್ಕೊಂದು ಟೇಬಲ್ ಮಾಡಿ, ಬೇಕಾದಾಗ ಜಾಯಿನ್ ಮಾಡುತ್ತೇವೆ. ಎಕ್ಸ್‌ಎಂಎಲ್‌ನಲ್ಲಿ ಇಡೀ ಅಂಕಪಟ್ಟಿಯೇ ಒಂದು ದಾಖಲೆ. ವಿದ್ಯಾರ್ಥಿಯ ಒಳಗೆ ವಿಷಯ, ವಿಷಯದ ಒಳಗೆ ಅಂಕ, ಹೀಗೆ ಮರದಂತೆ ಕವಲೊಡೆಯುತ್ತದೆ. ಆ ಮರದಲ್ಲಿ ದಾರಿ ತೋರಿಸುವುದು ಎಕ್ಸ್‌ಪಾತ್. ಟ್ಯಾಗ್‌ಗಳ ಹೆಸರು ಕನ್ನಡದಲ್ಲೇ ಇರಬಹುದು:

//ವಿದ್ಯಾರ್ಥಿ[ವಿಷಯ/ಅಂಕ < 35]/ಹೆಸರು

ಯಾವುದಾದರೂ ಒಂದು ವಿಷಯದಲ್ಲಿ 35ಕ್ಕಿಂತ ಕಡಿಮೆ ಅಂಕ ಪಡೆದವರ ಹೆಸರು ಇದರಿಂದ ಸಿಗುತ್ತದೆ. ಒಂದೂ ಜಾಯಿನ್ ಬೇಕಿಲ್ಲ! ದೊಡ್ಡ ಪ್ರಶ್ನೆಗಳಿಗೆ ಫಾರ್, ಲೆಟ್, ವೇರ್, ಆರ್ಡರ್ ಬೈ, ರಿಟರ್ನ್ ಎಂಬ ಐದು ಪದಗಳ ಸರಣಿ ಇದೆ. ವೇರ್, ಆರ್ಡರ್ ಬೈ ನಿಮ್ಮ ಹಳೆಯ ಪರಿಚಯದವೇ. ಸೆಲೆಕ್ಟ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ರಿಟರ್ನ್ ಮಾಡುತ್ತದೆ, ಅದೂ ಕೊನೆಯಲ್ಲಿ.

ಎಡವುವ ಜಾಗಗಳು

* ಮೇಲಿನ ಕ್ವೆರಿಯಲ್ಲಿ 'ಅಂಕ >= 35' ಎಂದು ಬದಲಿಸಿದರೆ ಎಲ್ಲದರಲ್ಲೂ ಪಾಸಾದವರು ಸಿಗುತ್ತಾರೆ ಅಂದುಕೊಳ್ಳಬೇಡಿ. ಒಂದೇ ಒಂದು ವಿಷಯದಲ್ಲಿ ಪಾಸಾಗಿ ಉಳಿದದ್ದರಲ್ಲಿ ಫೇಲಾದವರೂ ಪಟ್ಟಿಗೆ ಬರುತ್ತಾರೆ! ಗುಂಪಿನಲ್ಲಿ ಒಂದು ಹೊಂದಿದರೂ ಹೋಲಿಕೆ ನಿಜವಾಗುವುದೇ ಇದಕ್ಕೆ ಕಾರಣ. '35ಕ್ಕಿಂತ ಕಡಿಮೆ ಯಾವುದೂ ಇಲ್ಲ' ಎಂಬ ಅರ್ಥದಲ್ಲಿ 'ನಾಟ್' ಬಳಸಿ ಕೇಳಬೇಕು.

* ಸ್ಕೀಮಾ ಇಲ್ಲದ ಕಡತದಲ್ಲಿ ಅಂಕದ ಪ್ರಕಾರ ಆರ್ಡರ್ ಬೈ ಮಾಡಿದರೆ 35ಕ್ಕಿಂತ ಮೊದಲು 100 ಬಂದು ಕೂರುತ್ತದೆ. ಅಲ್ಲಿ ಅಂಕ ಎಂಬುದು ಬರೀ ಅಕ್ಷರ. 'ನಂಬರ್' ಫಂಕ್ಷನ್‌ನಿಂದ ಅದನ್ನು ಸಂಖ್ಯೆಯಾಗಿಸಿಕೊಳ್ಳಿ.

* ಕ್ವೆರಿ ಸರಿಯಿದೆ, ಎರರ್ ಇಲ್ಲ, ಆದರೂ ಉತ್ತರ ಖಾಲಿ! ಮೊದಲು ಟ್ಯಾಗ್‌ನ ಹೆಸರಿನ ಕಾಗುಣಿತ ನೋಡಿ. ಟೇಬಲ್‌ನಲ್ಲಿಲ್ಲದ ಕಾಲಂ ಕೇಳಿದರೆ ಎಸ್‌ಕ್ಯೂಎಲ್ ಗದರುತ್ತದೆ, ಎಕ್ಸ್‌ಪಾತ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಆಮೇಲೆ ದಾಖಲೆಯ ತಲೆಯಲ್ಲಿ ನೇಮ್‌ಸ್ಪೇಸ್ ಇದೆಯೇ ಪರೀಕ್ಷಿಸಿ. ಇದ್ದರೆ ಅದನ್ನು ಕ್ವೆರಿಯಲ್ಲೂ ಘೋಷಿಸಬೇಕು.

* ಎಸ್‌ಕ್ಯೂಎಲ್‌ನ ನಲ್ ಇಲ್ಲಿಲ್ಲ. ಮಾಹಿತಿ ಇಲ್ಲದಿದ್ದರೆ ಹಲವೆಡೆ ಆ ಟ್ಯಾಗೇ ಇರುವುದಿಲ್ಲ.

ಎಲ್ಲಿಂದ ಶುರು?

ಬೇಸ್‌ಎಕ್ಸ್ ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಹತ್ತು ಜನರ ಅಂಕಪಟ್ಟಿಯನ್ನು ಎಕ್ಸ್‌ಎಂಎಲ್‌ನಲ್ಲಿ ನೀವೇ ಬರೆದುಕೊಳ್ಳಿ. ಕಾಲೇಜಿನ ಲ್ಯಾಬ್ ರೆಕಾರ್ಡ್‌ನಲ್ಲಿರುವ ಎಸ್‌ಕ್ಯೂಎಲ್ ಪ್ರಶ್ನೆಗಳನ್ನೇ ತೆಗೆದು ಒಂದೊಂದನ್ನೂ ಎಕ್ಸ್‌ಕ್ವೆರಿಯಲ್ಲಿ ಬಿಡಿಸಿ. ಹತ್ತೇ ಜನರಿರುವುದರಿಂದ ಉತ್ತರ ಸರಿಯೋ ತಪ್ಪೋ ಎಂದು ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು.

ಎಕ್ಸ್‌ಎಂಎಲ್ ಕೇಳುವ ಹುದ್ದೆಗಳು ಎಸ್‌ಕ್ಯೂಎಲ್‌ನಷ್ಟು ಹೆಚ್ಚಿಲ್ಲ, ನಿಜ. ಆದರೆ ಅರ್ಜಿ ಹಾಕುವವರಲ್ಲಿ ಅದು ಬಲ್ಲವರೂ ಕಡಿಮೆಯೇ. ಸಂದರ್ಶನದಲ್ಲಿ ಮೇಲಿನ ಪಾಸು-ಫೇಲಿನ ಉದಾಹರಣೆಯನ್ನು ಬಿಡಿಸಿ ಹೇಳಬಲ್ಲಿರಾದರೆ, ನೀವು ವ್ಯಾಕರಣವನ್ನಷ್ಟೇ ಬಾಯಿಪಾಠ ಮಾಡಿಲ್ಲ ಎಂಬುದು ಎದುರಿಗಿದ್ದವರಿಗೆ ಗೊತ್ತಾಗುತ್ತದೆ.