ವಾರಾನ್ನದಿಂದ ವಿಪ್ರೊವರೆಗೆ: ದುಡಿಯುತ್ತ ಓದುವವರ ಹಾದಿ

ವಾರವಿಡೀ ಕಂಪನಿಯಲ್ಲಿ ಕೆಲಸ, ವಾರದ ಕೊನೆಗೆ ಪಾಠ. ಫೀಸು ಕಂಪನಿಯದು, ತಿಂಗಳಿಗೆ ಸ್ಟೈಪೆಂಡ್ ಬೇರೆ. ನಾಲ್ಕು ವರ್ಷ ತುಂಬಿದರೆ ಕೈಗೆ ಸ್ನಾತಕೋತ್ತರ ಪದವಿ. ಬೆಂಗಳೂರಿನ ವಿಪ್ರೊ ಕಂಪನಿ ಪಿಲಾನಿಯ ಬಿಟ್ಸ್ ಸಂಸ್ಥೆಯ ಜೊತೆ ಸೇರಿ 1995ರಲ್ಲಿ ಆರಂಭಿಸಿದ ‘ವೇಸ್’ ಕಾರ್ಯಕ್ರಮದ ತಿರುಳು ಇದು. ಎಂಜಿನಿಯರಿಂಗ್ ಸೀಟಿಗೆ ಹಣ ಹೊಂದಿಸಲಾಗದೆ ಬಿ.ಎಸ್ಸಿ., ಬಿ.ಸಿ.ಎ. ಓದಿದ ಸಾವಿರಾರು ಮಕ್ಕಳು ಈ ಬಾಗಿಲಿನಿಂದ ಸಾಫ್ಟ್‌ವೇರ್ ಉದ್ಯೋಗಕ್ಕೆ ಕಾಲಿಟ್ಟರು. ಕಂಪನಿಗೂ ಲಾಭವಿತ್ತು: ಗಣಿತ ಬಲ್ಲ ಪದವೀಧರರು ಸಿಕ್ಕರು, ಅವರು ಹಲವು ವರ್ಷ ಅಲ್ಲೇ ಉಳಿದರು.

ವಿಜಯನಗರ ಜಿಲ್ಲೆಯಲ್ಲಿ ಕೊಟ್ಟೂರಿನ ಕೊಟ್ಟೂರೇಶ್ವರ ಕಾಲೇಜು, ಹರಪನಹಳ್ಳಿಯ ಎಸ್‌ಯುಜೆಎಂ ಕಾಲೇಜು, ಹೂವಿನಹಡಗಲಿಯ ಜಿಬಿಆರ್ ಕಾಲೇಜು ಇಂಥ ಮಕ್ಕಳದೇ ಕಾಲೇಜುಗಳು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಾಲೇಜುಗಳಲ್ಲೂ ಅದೇ ಬಗೆಯ ಮನೆಗಳವರೇ ಹೆಚ್ಚು. ಶೇಂಗಾ, ಮೆಕ್ಕೆಜೋಳ, ಈರುಳ್ಳಿಯ ಮಳೆಯಾಶ್ರಿತ ಹೊಲ. ಹಡಗಲಿ ಸುತ್ತ ಮಲ್ಲಿಗೆ ತೋಟ. ಸುಗ್ಗಿ ಮುಗಿದರೆ ತಾಂಡಾಗಳಿಂದ ಮಲೆನಾಡಿನ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಹೊರಡುವ ಸಂಸಾರಗಳು. ಇಲ್ಲಿನ ವಿದ್ಯಾರ್ಥಿಗೆ ದುಡಿಮೆ ಹೊಸದಲ್ಲ. ಓದಿಗೆ ಹೊಂದುವ ದುಡಿಮೆ ಊರಲ್ಲೇ ಸಿಗುವುದು ಮಾತ್ರ ಅಪರೂಪ.

ಬಡ ವಿದ್ಯಾರ್ಥಿಯನ್ನು ಸಮಾಜ ಸಾಕುವ ರೂಢಿ ನಮ್ಮಲ್ಲಿ ಹಳೆಯದು. ದಿನಕ್ಕೊಂದು ಮನೆಯ ವಾರಾನ್ನ ಉಂಡು ಓದಿದವರಿದ್ದಾರೆ. ಮಠಗಳ ಪ್ರಸಾದ ನಿಲಯದಲ್ಲಿ ಬೆಳೆದವರು ಲೆಕ್ಕವಿಲ್ಲದಷ್ಟು. ಅನ್ನ ಕೊಟ್ಟವರು ಪ್ರತಿಫಲ ಕೇಳಲಿಲ್ಲ, ಅದು ಅವರ ದೊಡ್ಡತನ. ಆದರೆ ‘ನನ್ನ ದುಡಿಮೆಯಿಂದ ಓದಿದೆ’ ಎಂಬ ನೆಮ್ಮದಿಯ ರುಚಿ ಬೇರೆ. ಅದನ್ನು ಸಂಸ್ಥೆಯ ನಿಯಮವನ್ನಾಗಿ ಮಾಡಿದವರು ನೆರೆಯ ಕೊಲ್ಲಾಪುರ ಸೀಮೆಯ ಭಾವುರಾವ್ ಪಾಟೀಲರು. ಬೆಳಗಾವಿ ಸೀಮೆಯಲ್ಲಿ ಬೇರುಬಿಟ್ಟ ಕಿರ್ಲೋಸ್ಕರ್ ಕಂಪನಿಯ ನೇಗಿಲು ಮಾರುತ್ತ ಹಳ್ಳಿ ಹಳ್ಳಿ ತಿರುಗಿ ರೈತರ ಮಕ್ಕಳ ಸ್ಥಿತಿ ಕಂಡ ಅವರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. ‘ಗಳಿಸು, ಕಲಿ’ ಎಂಬುದು ಅಲ್ಲಿನ ಪದ್ಧತಿಯಾಯಿತು. ಅದಕ್ಕೂ ಮೊದಲೇ, 1906ರಲ್ಲಿ, ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕ ಕೆಲ ಕಾಲ ತರಗತಿ, ಕೆಲ ಕಾಲ ಕಾರ್ಖಾನೆ ಎಂಬ ಕ್ರಮ ತಂದಿದ್ದ.

ಕರ್ನಾಟಕದಲ್ಲಿ ಕಾರ್ಖಾನೆ ಮತ್ತು ಕಲಿಕೆಯನ್ನು ಬೆಸೆದದ್ದು ಬೆಂಗಳೂರು. ಮುಂದೆ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ 1960ರಲ್ಲಿ ವೃತ್ತಿ ತರಬೇತಿ ಕೇಂದ್ರ ತೆರೆಯಿತು. ಮರುವರ್ಷ ಸಂಸತ್ತು ಅಪ್ರೆಂಟಿಸ್ ಕಾಯ್ದೆ ಮಾಡಿತು. ಮೊದಲು ಫಿಟ್ಟರ್, ಟರ್ನರ್‌ನಂಥ ಕಸುಬಿನವರಿಗಷ್ಟೇ ಇದ್ದ ಕಾಯ್ದೆ 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾದವರನ್ನೂ ಒಳಗೆ ಕರೆಯಿತು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದಿದವರಿಗೆ ಅದು ಬಾಗಿಲು ತೆರೆದದ್ದು 2014ರಲ್ಲಿ, ಅಂದರೆ 53 ವರ್ಷಗಳ ಬಳಿಕ. ತಾಲ್ಲೂಕು ಊರುಗಳ ಪದವಿ ಕಾಲೇಜುಗಳನ್ನು ಕಾಯಿಸಿದ ಈ ಕಾಲ ಬಲು ದೀರ್ಘವಾಯಿತು. 2019ರ ನಿಯಮ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಗೊತ್ತು ಮಾಡಿತು. 2020ರಲ್ಲಿ ಯುಜಿಸಿ, ಪದವಿಯ ಒಳಗೇ ಅಪ್ರೆಂಟಿಸ್‌ಶಿಪ್ ಸೇರಿಸಲು ಮಾರ್ಗಸೂಚಿ ಹೊರಡಿಸಿತು.

ಈ ನಡುವೆ ಇನ್ನೊಂದು ಧಾರೆ ಹರಿಯಿತು. ಇನ್ಫೋಸಿಸ್ 2004ರಲ್ಲಿ ‘ಕ್ಯಾಂಪಸ್ ಕನೆಕ್ಟ್’ ಮೂಲಕ ತನ್ನ ಪಾಠಸಾಮಗ್ರಿಯನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊಡತೊಡಗಿತು, ಅಧ್ಯಾಪಕರಿಗೆ ತರಬೇತಿ ನೀಡಿತು. ಹೂವಿನಹಡಗಲಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದದ್ದು, ಬಿಡದಿಯಲ್ಲಿ ಟೊಯೊಟಾ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ತಾಂತ್ರಿಕ ತರಬೇತಿ ಸಂಸ್ಥೆ ಆರಂಭಿಸಿದ್ದು ಎರಡೂ 2007ರಲ್ಲಿ. ಈಗಂತೂ ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಂಥ ಉಚಿತ ಆನ್‌ಲೈನ್ ಪಾಠಗಳು ಮೊಬೈಲ್‌ಗೇ ಬರುತ್ತವೆ.

ಇಂಥ ಪಾಠಗಳನ್ನು ಕಾಲೇಜಿಗೆ ತರಲು ಕಂಪನಿ ಮತ್ತು ಕಾಲೇಜು ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳಲು ಒಂದು ಬೆಳಗು ಸಾಕು. ಆಮೇಲಿನ ಕೆಲಸ ಯಾರದು? ನೂರಾರು ಮಕ್ಕಳಿಗೆ ಲಾಗಿನ್ ಮಾಡಿಸಬೇಕು, ವಾಟ್ಸ್‌ಆ್ಯಪ್ ಗುಂಪು ನಡೆಸಬೇಕು, ಅತಿಥಿ ಉಪನ್ಯಾಸಕ್ಕೆ ಸಭಾಂಗಣ ಹೊಂದಿಸಬೇಕು, ಯಾರ ಪಾಠ ಎಲ್ಲಿ ನಿಂತಿದೆ ಎಂದು ವಿಚಾರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಇಂಗ್ಲಿಷ್ ವಿಡಿಯೊ ಮುಂದೆ ತಡವರಿಸಿದಾಗ ಪಕ್ಕದಲ್ಲಿ ಕೂತು ಬಿಡಿಸಿ ಹೇಳಬೇಕು. ಪಾಠದ ಹೊರೆ ಹೊತ್ತ ಅಧ್ಯಾಪಕರು ಎಷ್ಟೆಂದು ಮಾಡಿಯಾರು? ಚುರುಕಾದ ಹಿರಿಯ ವಿದ್ಯಾರ್ಥಿಯೊಬ್ಬ ಇದ್ದರೆ ಒಪ್ಪಂದಕ್ಕೆ ಜೀವ ಬರುತ್ತದೆ.

ದೊಡ್ಡ ಕಂಪನಿಗಳಿಗೂ ಇದು ಗೊತ್ತು. ಮೈಕ್ರೊಸಾಫ್ಟ್ 2001ರಲ್ಲೇ ವಿದ್ಯಾರ್ಥಿ ಪ್ರತಿನಿಧಿಗಳ ಪಡೆ ಕಟ್ಟಿತು. ಇಂದು ಅವರನ್ನು ‘ಸ್ಟೂಡೆಂಟ್ ಅಂಬಾಸಡರ್’ ಎನ್ನುತ್ತಾರೆ. ತರಬೇತಿ, ತಂತ್ರಾಂಶ, ಪ್ರಮಾಣಪತ್ರ ಸಿಗುತ್ತವೆ, ಸಂಬಳವಿಲ್ಲ. ಬೆಂಗಳೂರಿನ ಅನುಕೂಲಸ್ಥ ಮನೆಯ ವಿದ್ಯಾರ್ಥಿಗೆ ಅಷ್ಟು ಸಾಕಾದೀತು. ರಜೆಯಲ್ಲಿ ಕೂಲಿಗೆ ಹೋದರೆ ಮಾತ್ರ ಮುಂದಿನ ಫೀಸು ಎಂಬ ಸ್ಥಿತಿಯಲ್ಲಿರುವ ಕೂಡ್ಲಿಗಿಯ ವಿದ್ಯಾರ್ಥಿಗೆ ಸಾಲದು.

ಜರ್ಮನಿಯಲ್ಲಿ ವಿದ್ಯಾರ್ಥಿಗಳು ಕಂಪನಿಗೆ ಮಾಡುವ ಅರೆಕಾಲಿಕ ಕೆಲಸಕ್ಕೆ ಸಂಬಳವಿದೆ. ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಯ ಮಿತಿಯಲ್ಲಿ ವಿದ್ಯಾರ್ಥಿಗಳು ಬಾಷ್, ಸೀಮೆನ್ಸ್‌ನಂಥ ಕಂಪನಿಗಳಲ್ಲಿ ದುಡಿಯಬಹುದು. ಅಲ್ಲಿಗೆ ಓದಲು ಹೋದ ನಮ್ಮ ಮಕ್ಕಳೂ ಹೀಗೆ ಬಾಡಿಗೆ, ಊಟದ ಖರ್ಚು ತೂಗಿಸುತ್ತಾರೆ. ಅರೆಕಾಲಿಕ ಕೆಲಸದವರೆಂದು ಅವರನ್ನು ಯಾರೂ ಕೀಳಾಗಿ ಕಾಣುವುದಿಲ್ಲ.

ಒಪ್ಪಂದ ನಡೆಸುವ ಸಂಬಳದ ಕೆಲಸ ತನ್ನ ಕಾಲೇಜಿನಲ್ಲೇ ಸಿಕ್ಕರೆ ಹಗರಿಬೊಮ್ಮನಹಳ್ಳಿಯ ವಿದ್ಯಾರ್ಥಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಈ ಊರುಗಳ ನಡುವಿನ ಓಡಾಟಕ್ಕೂ ದಾರಿಯಿದೆ: ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರನ್ನೂ ಮುಟ್ಟುತ್ತದೆ. ಹಡಗಲಿ, ಕೂಡ್ಲಿಗಿಗೆ ಬಸ್ಸೇ ಗತಿ. ಐದೂ ಊರುಗಳ ಕಾಲೇಜುಗಳು ಒಂದಾಗಿ ಕೇಳಿದರೆ ಒಪ್ಪಂದ ಮಾಡಿಕೊಳ್ಳುವ ಕಂಪನಿಗೂ ಅನುಕೂಲ. 1997ರಲ್ಲಿ ದಾವಣಗೆರೆಗೆ ಸೇರಿ 2018ರಲ್ಲಿ ಬಳ್ಳಾರಿಗೆ ಮರಳಿದ ಹರಪನಹಳ್ಳಿಯೂ 2021ರಿಂದ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಯಲ್ಲೇ ಇದೆ. ಹಣದ ದಾರಿಯೂ ಇದೆ: 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಶಿಕ್ಷಣ ಆ ಪಟ್ಟಿಯಲ್ಲಿದೆ. ಕಂಪ್ಯೂಟರ್ ಕೊಡುಗೆ ಕೊಡುವವರು ಅದನ್ನು ನಡೆಸುವ ವಿದ್ಯಾರ್ಥಿಗೂ ಸಂಬಳ ಕೊಡಬಲ್ಲರು.

ಈ ಐದು ತಾಲ್ಲೂಕುಗಳ ಪ್ರಾಂಶುಪಾಲರು ಮುಂದಿನ ಬಾರಿ ಯಾವುದೇ ಕಂಪನಿಯ ಒಪ್ಪಂದಪತ್ರ ಮುಂದಿಟ್ಟುಕೊಂಡಾಗ ಒಂದು ಷರತ್ತು ಬರೆಸಲಿ: ಈ ಕೆಲಸ ನಡೆಸಲು ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಬೇಕು, ವಾರಕ್ಕೆ ಇಷ್ಟು ಗಂಟೆ, ತಿಂಗಳಿಗೆ ಇಷ್ಟು ಸಂಬಳ, ಅದು ನೇರ ಅವರ ಬ್ಯಾಂಕ್ ಖಾತೆಗೆ ಜಮೆಯಾಗಬೇಕು.